ಚೈನ್ ಬಿಗಿ ಮಾಡಿದ್ದು ನಾನು, ಬೈಸಿಕೊಂಡಿದ್ದು ಕಾರ್ಬುರೇಟರ್

ನಾನು ಎರಡನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿ. ಒಂದನೇ ಕ್ಲಾಸಿನಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕ್ಲಬ್‌ನವರು "ನಿನಗೆ ಗೊತ್ತಿರೋ ವಿಷಯ ಬರಿ" ಅಂದರು. ನನಗೆ ಚೆನ್ನಾಗಿ ಗೊತ್ತಿರೋದು ಅಂದ್ರೆ ನಾನೇ ಮಾಡಿದ ಒಂದು ತಪ್ಪು. ಅದರಿಂದ ಕಲಿತ ಪಾಠವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹಾಸ್ಟೆಲ್‌ನಲ್ಲಿ ಹಳೇ ಬೈಕ್ ಇಟ್ಟುಕೊಂಡಿರೋರಿಗೆ, ಮನೇಲಿ ಅಪ್ಪ ಅಮ್ಮನ ಗಾಡಿ ಇರೋರಿಗೆ ಉಪಯೋಗ ಆಗಬಹುದು.

ಏನಾಯ್ತು ಅಂದ್ರೆ

ನಮ್ಮೂರು ಮೂಡಿಗೆರೆ ಕಡೆ. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನಾ 17 ಕಿಲೋಮೀಟರ್ ಹೋಗೋದು, 17 ಬರೋದು, ದಾರಿಯೆಲ್ಲ ಏರು ಇಳಿಜಾರು. ಗಾಡಿ 2009ರ ಒಂದು 100 ಸಿಸಿ ಬೈಕ್. ಕಾರ್ಬುರೇಟರ್ ಇದೆ, ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್.

ದಸರಾ ರಜೆಗೆ ಹೋದಾಗ ಚೈನ್ ಜೋತುಬಿದ್ದು ಕವರ್‌ಗೆ ಕಟಕಟ ಬಡೀತಿತ್ತು. ನಾನೇ ಸ್ಪ್ಯಾನರ್ ತಗೊಂಡು ಬಿಗಿ ಮಾಡಿದೆ. ಶಬ್ದ ನಿಂತಿತು. ಅಮ್ಮ ಪಕ್ಕದ ಮನೆಯವರಿಗೆಲ್ಲ "ಮಗ ರಿಪೇರಿ ಮಾಡಿದ" ಅಂತ ಹೇಳಿದರು. ನಾನು ಖುಷಿಯಾಗಿ ಹಾಸ್ಟೆಲ್‌ಗೆ ವಾಪಸ್ ಬಂದೆ.

ಒಂದು ತಿಂಗಳಾದ ಮೇಲೆ ಅಪ್ಪ ಫೋನಿನಲ್ಲಿ "ಯಾಕೋ ಗಾಡಿ ಪೆಟ್ರೋಲ್ ಕುಡೀತಿದೆ ಕಣೋ" ಅಂದರು. ಲೀಟರ್‌ಗೆ 60 ಕೊಡ್ತಿದ್ದದ್ದು 48ಕ್ಕೆ ಬಂದಿತ್ತು. ಅಷ್ಟು ಹೊತ್ತಿಗೆ ನಮಗೆ ಥರ್ಮೋಡೈನಮಿಕ್ಸ್‌ನಲ್ಲಿ ಆಟೋ ಸೈಕಲ್ ಮುಗಿದಿತ್ತು. ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂದ್ರೆ ಮಿಶ್ರಣ ರಿಚ್ ಆಗಿದೆ, ರಿಚ್ ಆಗಿದ್ರೆ ಕಾರ್ಬುರೇಟರ್ ಟ್ಯೂನ್ ಮಾಡ್ಬೇಕು ಅಂತ ತೀರ್ಮಾನ ಮಾಡಿಬಿಟ್ಟೆ. ಸೆಮಿಸ್ಟರ್ ಮುಗಿಸಿ ಮನೆಗೆ ಹೋದ ದಿನವೇ ಮಿಶ್ರಣದ ಸ್ಕ್ರೂ ತಿರುಗಿಸಿದೆ. ಎಷ್ಟು ಸುತ್ತು ತಿರುಗಿಸಿದೆ ಅಂತ ಎಣಿಸಲೂ ಇಲ್ಲ. ಮೈಲೇಜ್ ಏನೂ ಬದಲಾಗಲಿಲ್ಲ. ಬದಲಿಗೆ ಬೆಳಿಗ್ಗೆ ಸ್ಟಾರ್ಟ್ ಆಗೋದು ಕಷ್ಟ ಆಯ್ತು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್‌ನಿಂದ ಪಟಪಟ ಶಬ್ದ ಶುರುವಾಯ್ತು.

ಕೊನೆಗೆ ಪೇಟೆಯ ಒಬ್ಬ ಮೆಕ್ಯಾನಿಕ್ ಹತ್ರ ತಗೊಂಡು ಹೋದೆ. ನಾನು ಏರ್ ಫ್ಯೂಯೆಲ್ ರೇಷಿಯೋ ಅಂತ ಏನೇನೋ ಹೇಳ್ತಿದ್ದೆ. ಅವರು ಕಾರ್ಬುರೇಟರ್ ಕಡೆ ನೋಡಲೇ ಇಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿದರು. ಅದು ಅರ್ಧ ಸುತ್ತು ಬಂದು ನಿಂತುಬಿಟ್ಟಿತು. "ಮೊದ್ಲು ಚಕ್ರ ತಿರುಗ್ಸಿ ನೋಡ್ಬೇಕು, ಆಮೇಲೆ ಸ್ಕ್ರೂ ತಿರುಗಿಸ್ಬೇಕು" ಅಂದರು. ಬ್ರೇಕ್ ಹಿಡಿದುಕೊಂಡೇ ಇತ್ತು. ಚೈನ್ ಕೂಡ ವೀಣೆ ತಂತಿ ಹಾಗೆ ಬಿಗಿಯಾಗಿತ್ತು.

ಚೈನ್‌ಗೂ ಬ್ರೇಕ್‌ಗೂ ಏನು ಸಂಬಂಧ?

ಇದನ್ನು ಅರ್ಥ ಮಾಡ್ಕೊಂಡ್ರೆ ಲೇಖನದ ಅರ್ಧ ಭಾಗ ಅರ್ಥ ಆದ ಹಾಗೆ. ಸಣ್ಣ ಬೈಕುಗಳಲ್ಲಿ ಚೈನ್ ಬಿಗಿ ಮಾಡೋದು ಅಂದ್ರೆ ಹಿಂದಿನ ಚಕ್ರವನ್ನೇ ಸ್ವಲ್ಪ ಹಿಂದಕ್ಕೆ ಎಳೆಯೋದು. ಆಕ್ಸಲ್ ನಟ್ ಸಡಿಲ ಮಾಡಿ, ಎರಡು ಬದಿಯ ಅಡ್ಜಸ್ಟರ್ ತಿರುಗಿಸಿದರೆ ಚಕ್ರ ಹಿಂದೆ ಹೋಗುತ್ತೆ. ಚಕ್ರದ ಜೊತೆ ಬ್ರೇಕ್ ಪ್ಲೇಟೂ ಹೋಗುತ್ತೆ. ಅದರ ಮೇಲಿರುವ ಬ್ರೇಕ್ ಆರ್ಮ್‌ಗೆ ಒಂದು ಉದ್ದ ರಾಡ್ ಸಿಕ್ಕಿಸಿರ್ತಾರೆ, ರಾಡಿನ ಇನ್ನೊಂದು ತುದಿ ಕಾಲಿನ ಪೆಡಲ್ ಹತ್ರ ಇರುತ್ತೆ. ಚಕ್ರ ಹಿಂದೆ ಹೋಯ್ತು, ಆದರೆ ರಾಡಿನ ಉದ್ದ ಅಷ್ಟೇ ಇದೆ. ಅಂದರೆ ನೀವು ಪೆಡಲ್ ಮುಟ್ಟದಿದ್ದರೂ ರಾಡ್ ಆರ್ಮನ್ನು ಎಳೆದ ಹಾಗೆ ಆಯ್ತು.

ಸ್ವಿಂಗ್ ಆರ್ಮ್ ಮೇಲೆ ವಾಷರ್ ಕೂತಿದ್ದ ಹಳೇ ಗುರುತು ಕಾಣ್ತಿತ್ತು. ಸ್ಕೇಲ್ ಇಟ್ಟು ನೋಡಿದೆ. ನಾನು ಚಕ್ರ ಎಳೆದದ್ದು 3ರಿಂದ 4 ಮಿಲಿಮೀಟರ್ ಅಷ್ಟೇ. ಆದರೆ ಪೆಡಲ್ ಒಂದು ಲಿವರ್. ನಮ್ಮ ಗಾಡಿಯಲ್ಲಿ ರಾಡ್ 1 ಮಿಲಿಮೀಟರ್ ಸರಿದರೆ ಪೆಡಲ್ ತುದಿ ಸುಮಾರು 5 ಮಿಲಿಮೀಟರ್ ಸರಿಯುತ್ತೆ. ಅಂದ್ರೆ ಪೆಡಲ್ ತುದಿಯಲ್ಲಿ 15ರಿಂದ 20 ಮಿಲಿಮೀಟರ್ ಫ್ರೀ ಪ್ಲೇ ತಿಂದುಹೋಗಿತ್ತು. ಫ್ರೀ ಪ್ಲೇ ಅಂದ್ರೆ ಬ್ರೇಕ್ ಹಿಡಿಯೋಕೆ ಮುಂಚೆ ಪೆಡಲ್ ಸುಮ್ಮನೆ ಕೆಳಗೆ ಹೋಗೋ ದೂರ. ಇಂಥ ಬೈಕುಗಳಿಗೆ ಇರಬೇಕಾದ್ದೇ 20ರಿಂದ 30 ಮಿಲಿಮೀಟರ್. ಉಳಿದಿದ್ದು ಚೂರು. ಜೊತೆಗೆ ಒಳಗಿನ ಬ್ರೇಕ್ ಕ್ಯಾಮ್ ಒಣಗಿ ಪೂರ್ತಿ ವಾಪಸ್ ಬರ್ತಿರಲಿಲ್ಲ. ಹಾಗಾಗಿ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜಿಕೊಂಡೇ ಓಡ್ತಿತ್ತು. ಚೈನ್ ಅಡ್ಜಸ್ಟ್ ಆದಮೇಲೆ ಬ್ರೇಕ್ ರಾಡಿನ ನಟ್ ಸಡಿಲ ಮಾಡಿ ಫ್ರೀ ಪ್ಲೇ ಮತ್ತೆ ಸೆಟ್ ಮಾಡಬೇಕು. ಆ ಒಂದು ಹೆಜ್ಜೆ ನನಗೆ ಗೊತ್ತಿರಲಿಲ್ಲ.

ಒಂದು ರಫ್ ಲೆಕ್ಕ

ಇಷ್ಟು ಸಣ್ಣ ವಿಷಯಕ್ಕೆ 12 ಕಿಲೋಮೀಟರ್ ಮೈಲೇಜ್ ಹೋಗುತ್ತಾ ಅಂತ ನನಗೂ ಡೌಟ್ ಇತ್ತು. ಬ್ರೇಕ್ ಸರಿ ಮಾಡೋ ಮುಂಚೆ ಲಗೇಜ್ ತೂಗೋ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಟಯರಿನ ಅಂಚಿಗೆ ಹಗ್ಗದಿಂದ ಕಟ್ಟಿ ಎಳೆದೆ. ಚಕ್ರ ನಿಧಾನಕ್ಕೆ ತಿರುಗೋಕೆ ಸುಮಾರು ಒಂದೂವರೆ ಕೆಜಿ ಬೇಕಾಯ್ತು. ಸರಿ ಮಾಡಿದ ಮೇಲೆ ಕಾಲು ಕೆಜಿ ಸಾಕಾಯ್ತು. ವ್ಯತ್ಯಾಸ 1.25 ಕೆಜಿ, ಅಂದ್ರೆ ಸುಮಾರು 12 ನ್ಯೂಟನ್.

ಈಗ ಗಾಡಿ ಓಡೋಕೆ ಒಟ್ಟು ಎಷ್ಟು ಬಲ ಬೇಕು? ಗಾಡಿ, ಅಪ್ಪ ಸೇರಿ 180 ಕೆಜಿ ಅಂತ ಇಟ್ಕೊಳ್ಳಿ. ರೋಲಿಂಗ್ ರೆಸಿಸ್ಟೆನ್ಸ್ ಗುಣಾಂಕ 0.015 ಅಂತ ತಗೊಂಡ್ರೆ ಸುಮಾರು 26 ನ್ಯೂಟನ್. ಸಮತಟ್ಟು ರಸ್ತೆ, 40 ಕಿಲೋಮೀಟರ್ ವೇಗ, ಗಾಳಿಗೆ ಒಡ್ಡಿಕೊಳ್ಳೋ ಡ್ರ್ಯಾಗ್ ಏರಿಯಾ 0.5 ಚದರ ಮೀಟರ್ ಅಂದ್ರೆ ಗಾಳಿಯ ತಡೆ ಸುಮಾರು 37 ನ್ಯೂಟನ್. ಒಟ್ಟು 63. ಅದರ ಮೇಲೆ ಬ್ರೇಕಿನ 12 ಸೇರಿದರೆ ಶೇಕಡಾ 19 ಜಾಸ್ತಿ. ಎಂಜಿನ್ ದಕ್ಷತೆ ಅಷ್ಟೇ ಇದೆ ಅಂದುಕೊಂಡರೆ 60ರ ಮೈಲೇಜ್ 50ಕ್ಕೆ ಇಳಿಯುತ್ತೆ. ನಿಜದಲ್ಲಿ ಲೆಕ್ಕ ಇಷ್ಟು ಸರಳ ಅಲ್ಲ, ಏರು ಇಳಿಜಾರು ಎಲ್ಲ ಇದೆ. ಆದರೂ ಕಳ್ಳ ಯಾವ ಮನೆಯಲ್ಲಿದ್ದಾನೆ ಅಂತ ಹೇಳೋಕೆ ಇಷ್ಟು ಸಾಕು. ಉಳಿದ ಚೂರಿಗೆ ಬಿಗಿ ಚೈನ್ ಮತ್ತೆ ಟಯರಿನ ಕಮ್ಮಿ ಗಾಳಿ ಕಾರಣ ಇರಬೇಕು.

ತಿಂಗಳಿಗೆ 26 ದಿನ, ದಿನಕ್ಕೆ 34 ಕಿಲೋಮೀಟರ್. ಮುಂಚೆ 14.7 ಲೀಟರ್ ಬೇಕಿದ್ದದ್ದು ಈಗ 18.4 ಲೀಟರ್. ಪೆಟ್ರೋಲಿಗೆ 100 ರೂಪಾಯಿ ಅಂತ ರೌಂಡ್ ಮಾಡಿದ್ರೂ ತಿಂಗಳಿಗೆ 370 ರೂಪಾಯಿ ದಂಡ.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. 40ರ ವೇಗದಲ್ಲಿ ಆ 12 ನ್ಯೂಟನ್ ಅಂದ್ರೆ ಸುಮಾರು 135 ವ್ಯಾಟ್ ಶಾಖ. ನಮ್ಮ ಲ್ಯಾಬಿನ 25 ವ್ಯಾಟ್ ಸಾಲ್ಡರಿಂಗ್ ಐರನ್ ಐದನ್ನು ಹಿಂದಿನ ಡ್ರಮ್ಮಿನೊಳಗೆ ಇಟ್ಟು ದಾರಿಯುದ್ದಕ್ಕೂ ಸ್ವಿಚ್ ಹಾಕಿಟ್ಟ ಹಾಗೆ. ಚಕ್ರ ಬಿಚ್ಚಿ ನೋಡಿದಾಗ ಬ್ರೇಕ್ ಲೈನರ್ ಕಾದು ಕಾದು ಗಾಜಿನ ಹಾಗೆ ಹೊಳೀತಿತ್ತು. ಹೀಗೆ ಗ್ಲೇಜ್ ಆದ ಲೈನರ್‌ಗೆ ಘರ್ಷಣೆ ಕಮ್ಮಿ. ಬೇಡದಾಗ ಉಜ್ಜುತ್ತಿದ್ದ ಬ್ರೇಕ್ ಬೇಕಾದಾಗ ಹಿಡೀತಿರಲಿಲ್ಲ.

ಆ ರಾತ್ರಿ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ನಿಧಾನಕ್ಕೆ "ಹೌದು, ಹಿಂದಿನ ಬ್ರೇಕ್ ಸರಿ ನಿಲ್ತಿರಲಿಲ್ಲ. ಸೆಕೆಂಡ್ ಗೇರಲ್ಲಿ ಮುಂದಿನ ಬ್ರೇಕ್ ಮೇಲೆ ಇಳಿಸ್ಕೊಂಡು ಬರ್ತಿದ್ದೆ" ಅಂದರು. ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ಮೂರು ವಾರದಿಂದ ಅಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ "ನೀನು ಮಾಡಿದ್ ರಿಪೇರಿ ಅಲ್ವಾ, ಸರಿಯಾಗೇ ಇರುತ್ತೆ ಅಂದ್ಕೊಂಡೆ" ಅಂದರು. ಮಂಜು ಬಿದ್ದ ಆ ಇಳಿಜಾರುಗಳು ನನಗೆ ಗೊತ್ತು. ನನಗೆ ಮಾತಾಡೋಕೆ ಆಗಲಿಲ್ಲ.

ಹಾಗಾದ್ರೆ ಸರಿಯಾದ ಕ್ರಮ ಯಾವುದು?

ಮೈಲೇಜ್ ಬಿತ್ತು, ಪಿಕಪ್ ಇಲ್ಲ ಅಂದಾಗ ಈಗ ನಾನು ಈ ಕ್ರಮದಲ್ಲಿ ನೋಡ್ತೀನಿ. ಖರ್ಚಿಲ್ಲದ್ದು ಮೊದಲು, ಕೆಡಿಸೋಕೆ ಸುಲಭ ಇರೋದು ಕೊನೆಗೆ. ಎಲ್ಲಕ್ಕೂ ಎಂಜಿನ್ ಆಫ್ ಇರಲಿ, ಕೀ ಜೇಬಿನಲ್ಲಿರಲಿ.

1. ಮೊದಲು ಮೈಲೇಜ್ ನಿಜವಾಗಿ ಬಿದ್ದಿದೆಯಾ ನೋಡಿ. ಟ್ಯಾಂಕ್ ಫುಲ್ ಮಾಡಿಸಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ. 200 ಕಿಲೋಮೀಟರ್ ಆದಮೇಲೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ಫುಲ್ ಮಾಡಿಸಿ. ಓಡಿದ ದೂರವನ್ನು ಎರಡನೇ ಸಲ ಹಾಕಿಸಿದ ಲೀಟರ್‌ನಿಂದ ಭಾಗಿಸಿ. ನೂರು ರೂಪಾಯಿ ಹಾಕಿಸಿ ಮುಳ್ಳು ನೋಡಿ ಹೇಳೋ ಮೈಲೇಜ್ ಲೆಕ್ಕಕ್ಕಿಲ್ಲ.

2. ಟಯರ್ ಗಾಳಿ. ಗಾಡಿ ಓಡಿಸೋಕೆ ಮುಂಚೆ, ಟಯರ್ ತಣ್ಣಗಿದ್ದಾಗ ನೋಡಬೇಕು. ನಮ್ಮ ಗಾಡಿಗೆ ಒಬ್ಬರೇ ಕೂತಾಗ ಮುಂದೆ 25, ಹಿಂದೆ 28 ಪಿಎಸ್‌ಐ. ಹಿಂದೆ ಇನ್ನೊಬ್ಬರು ಕೂತರೆ ಜಾಸ್ತಿ ಬೇಕು. ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿ ಅಥವಾ ಗಾಡಿ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತೆ.

3. ಚಕ್ರ ತಿರುಗಿಸಿ ನೋಡಿ. ಸೆಂಟರ್ ಸ್ಟ್ಯಾಂಡ್, ನ್ಯೂಟ್ರಲ್, ಒಂದು ಸಲ ಕೈಯಲ್ಲಿ ಬೀಸಿ ತಿರುಗಿಸಿ. ಎರಡು ಮೂರು ಸುತ್ತು ಆರಾಮಾಗಿ ಬರಬೇಕು. ಆಮೇಲೆ ಒಂದೈದು ಕಿಲೋಮೀಟರ್ ಬ್ರೇಕ್ ಜಾಸ್ತಿ ಬಳಸದೆ ಓಡಿಸಿ, ನಿಲ್ಲಿಸಿ, ಹಬ್ ಹತ್ರ ಕೈ ತನ್ನಿ. ಮುಟ್ಟಬೇಡಿ, ಹತ್ತಿರ ತಂದರೆ ಸಾಕು. ಬಿಸಿ ತಾಗಿದರೆ ಬ್ರೇಕ್ ಹಿಡೀತಿದೆ ಅಂತ ಅರ್ಥ.

4. ಚೈನ್. ಕೆಳಗಿನ ಭಾಗದ ಮಧ್ಯದಲ್ಲಿ ಬೆರಳಿಂದ ಮೇಲೆ ಕೆಳಗೆ ಆಡಿಸಿ. ಒಟ್ಟು 20ರಿಂದ 30 ಮಿಲಿಮೀಟರ್ ಆಡಬೇಕು. ಚೈನ್ ಎಲ್ಲ ಕಡೆ ಒಂದೇ ಥರ ಸವೆದಿರಲ್ಲ, ಅದಕ್ಕೆ ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಅತಿ ಬಿಗಿಯಾಗಿರೋ ಜಾಗದಲ್ಲಿ ಅಳೆಯಿರಿ. ಪೂರ್ತಿ ಬಿಗಿ ಮಾಡಬಾರದು. ಯಾಕಂದ್ರೆ ನೀವು ಸೀಟ್ ಮೇಲೆ ಕೂತಾಗ ಸಸ್ಪೆನ್ಷನ್ ಕುಗ್ಗಿ ಸ್ವಿಂಗ್ ಆರ್ಮ್ ಮೇಲೆ ಬರುತ್ತೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತೆ. ಸ್ಟ್ಯಾಂಡ್ ಮೇಲೆ ಸರಿಯಾಗಿ ಕಂಡ ಚೈನ್ ರಸ್ತೆಯಲ್ಲಿ ಬೇರಿಂಗ್ ತಿನ್ನಬಹುದು.

ಅಡ್ಜಸ್ಟ್ ಮಾಡುವಾಗ ಎರಡೂ ಬದಿಯ ಗೆರೆ ಒಂದೇ ಆಗಿರಲಿ, ಇಲ್ಲಾಂದ್ರೆ ಚಕ್ರ ಓರೆಯಾಗುತ್ತೆ. ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಎಣ್ಣೆ ಹಾಕೋಕೆ 90 ಗ್ರೇಡಿನ ಗೇರ್ ಆಯಿಲ್ ಸಾಕು, ಚೈನಿನ ಒಳಭಾಗಕ್ಕೆ ಬೀಳೋ ಹಾಗೆ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಟಯರ್ ಮೇಲೆ ಬೀಳಬಾರದು. ಎಂಜಿನ್ ಆನ್ ಮಾಡಿ, ಗೇರ್ ಹಾಕಿ, ಓಡೋ ಚೈನ್‌ಗೆ ಬಟ್ಟೆ ಹಿಡಿಯೋರನ್ನು ನೋಡಿದ್ದೀನಿ. ದಯವಿಟ್ಟು ಮಾಡಬೇಡಿ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಬೆರಳೂ ಅದರ ಜೊತೆ ಹೋಗುತ್ತೆ.

5. ಬ್ರೇಕ್ ಫ್ರೀ ಪ್ಲೇ. ಚೈನ್ ಮುಟ್ಟಿದ್ರೆ ಈ ಹೆಜ್ಜೆ ಕಡ್ಡಾಯ. ಪೆಡಲ್ ತುದಿಯಲ್ಲಿ ಸ್ಕೇಲ್ ಹಿಡಿದು ಅಳೆಯಿರಿ, ರಾಡಿನ ಹಿಂದಿನ ತುದಿಯ ನಟ್ ತಿರುಗಿಸಿ ಸೆಟ್ ಮಾಡಿ. ಮತ್ತೆ ಚಕ್ರ ತಿರುಗಿಸಿ ನೋಡಿ. ಆಮೇಲೆ ಪೆಡಲ್ ಒತ್ತಿ, ಚಕ್ರ ಗಟ್ಟಿಯಾಗಿ ನಿಲ್ಲುತ್ತಾ, ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹತ್ತುತ್ತಾ ನೋಡಿ. ಬ್ರೇಕ್ ಪ್ಲೇಟ್ ಮೇಲೆ ಸವೆತದ ಗುರುತು ಇರುತ್ತೆ. ಪೂರ್ತಿ ಬ್ರೇಕ್ ಒತ್ತಿದಾಗ ಆರ್ಮಿನ ಬಾಣ ಆ ಗುರುತಿಗೆ ಬಂದರೆ ಲೈನರ್ ಮುಗಿದಿದೆ, ಶೂ ಬದಲಿಸಿ. ಎಲ್ಲ ಆದಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಪರೀಕ್ಷೆ ಮಾಡಿ, ನಂತರ ಇನ್ನೊಬ್ಬರ ಕೈಗೆ ಕೊಡಿ.

6. ಏರ್ ಫಿಲ್ಟರ್ ಮತ್ತು ಪ್ಲಗ್. ಫಿಲ್ಟರ್ ಧೂಳು ತುಂಬಿದ್ರೆ ಮಿಶ್ರಣ ತಾನಾಗೇ ರಿಚ್ ಆಗುತ್ತೆ. ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ. ತುದಿ ತಿಳಿ ಕಂದು ಬಣ್ಣ ಇದ್ರೆ ಒಳ್ಳೇದು, ಕಪ್ಪು ಮಸಿ ಇದ್ರೆ ರಿಚ್, ಸುಣ್ಣದ ಹಾಗೆ ಬಿಳಿ ಇದ್ರೆ ಲೀನ್ ಅಥವಾ ಅತಿ ಬಿಸಿ. ನಮ್ಮದು ತಿಳಿ ಕಂದೇ ಇತ್ತಂತೆ, ಅಂದ್ರೆ ಕಾರ್ಬುರೇಟರ್ ಸರಿಯಾಗೇ ಇತ್ತು. ಸ್ಕ್ರೂ ತಿರುಗಿಸೋಕೆ ಮುಂಚೆ ಪ್ಲಗ್ ಬಿಚ್ಚಿ ನೋಡಿದ್ರೆ ನನಗೇ ಗೊತ್ತಾಗ್ತಿತ್ತು.

7. ಕೊನೆಗೆ ಕಾರ್ಬುರೇಟರ್. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು ಅಂತ ಓದಿರ್ತೀವಿ. ಆದರೆ ಕಾರ್ಬುರೇಟರ್‌ನಲ್ಲಿ ಈ ಅನುಪಾತವನ್ನು ಒಂದೇ ಸ್ಕ್ರೂ ನಿರ್ಧರಿಸಲ್ಲ. ಹೊರಗಿಂದ ತಿರುಗಿಸೋ ಮಿಶ್ರಣದ ಸ್ಕ್ರೂ ಮುಖ್ಯವಾಗಿ ಐಡ್ಲಿಂಗ್‌ನಿಂದ ಕಾಲು ಥ್ರಾಟಲ್‌ವರೆಗೆ ಮಾತ್ರ ಕೆಲಸ ಮಾಡುತ್ತೆ. ಮಧ್ಯದಲ್ಲಿ ಜೆಟ್ ನೀಡಲ್, ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್. ಅಂದ್ರೆ ಏರು ಹತ್ತುವಾಗ ಹೋಗೋ ಪೆಟ್ರೋಲಿಗೂ ನಾನು ತಿರುಗಿಸಿದ ಸ್ಕ್ರೂಗೂ ಹೆಚ್ಚು ಸಂಬಂಧವೇ ಇರಲಿಲ್ಲ.

ತಿರುಗಿಸಲೇಬೇಕು ಅಂದ್ರೆ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ, ತಳ ಮುಟ್ಟೋವರೆಗೆ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರೆದಿಡಿ. ಏನಾದರೂ ಕೆಟ್ಟರೆ ಮೊದಲಿನ ಜಾಗಕ್ಕೆ ವಾಪಸ್ ಬರಬಹುದು. ತಳ ಮುಟ್ಟಿದ ಮೇಲೆ ಒತ್ತಬೇಡಿ, ಚೂಪು ತುದಿ ಹಾಳಾಗುತ್ತೆ. ಇನ್ನೊಂದು ಗೊಂದಲ ಇದೆ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯದು, ಹೊರಗೆ ತಿರುಗಿಸಿದರೆ ಲೀನ್. ಎಂಜಿನ್ ಕಡೆ ಇದ್ದರೆ ಮಿಶ್ರಣದ್ದು, ಹೊರಗೆ ತಿರುಗಿಸಿದರೆ ರಿಚ್. ಎರಡೂ ಉಲ್ಟಾ. ನಿಮ್ಮದು ಯಾವುದು ಅಂತ ಗೊತ್ತಿಲ್ಲದೆ ಕೈ ಹಾಕಬೇಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸಿ ನೋಡಬೇಕು. ಈ ಹೆಜ್ಜೆಗೆ ಮಾತ್ರ ಎಂಜಿನ್ ಆನ್ ಇರಬೇಕು, ಗಾಡಿ ಬಯಲಲ್ಲಿರಲಿ, ಶೆಡ್ಡಿನೊಳಗೆ ಬೇಡ.

ಸ್ಕೂಟರ್ ಮತ್ತು ಹೊಸ ಗಾಡಿ ಇರೋರಿಗೆ

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಮೇಲೆ ಹೊಸ ಗಾಡಿಗಳಲ್ಲಿ ಬಹುಪಾಲು ಫ್ಯೂಯೆಲ್ ಇಂಜೆಕ್ಷನ್ನೇ. ಅಲ್ಲಿ ಮಿಶ್ರಣವನ್ನು ಇಸಿಯು ನೋಡಿಕೊಳ್ಳುತ್ತೆ, ತಿರುಗಿಸೋಕೆ ಸ್ಕ್ರೂ ಇಲ್ಲ. ಆದರೆ ಇಸಿಯು ನಿಮ್ಮ ಟಯರಿಗೆ ಗಾಳಿ ಹೊಡೆಯಲ್ಲ, ಬ್ರೇಕ್ ನಟ್ ಸಡಿಲ ಮಾಡಲ್ಲ. ಮೇಲಿನ ಒಂದರಿಂದ ಐದು ಅಲ್ಲೂ ಹಾಗೇ ಇರುತ್ತೆ.

ಗೇರ್ ಇಲ್ಲದ ಸ್ಕೂಟರಿಗೆ ಚೈನ್ ಇಲ್ಲ, ಬೆಲ್ಟ್ ಇದೆ. ಆದರೂ ಚಕ್ರದ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಇದ್ದಾಗ ಸೆಂಟ್ರಿಫ್ಯೂಗಲ್ ಕ್ಲಚ್ ಬಿಟ್ಟಿರೋದರಿಂದ ಹಿಂದಿನ ಚಕ್ರ ಸುಲಭವಾಗಿ ತಿರುಗಬೇಕು. 2019ರ ಏಪ್ರಿಲ್‌ನಲ್ಲಿ 125 ಸಿಸಿವರೆಗಿನ ಗಾಡಿಗಳಿಗೆ ಕಾಂಬಿ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯ ಆಯ್ತು. ಕಾಂಬಿ ಬ್ರೇಕ್ ಇದ್ದರೆ ಎಡಗೈ ಲಿವರ್ ಒತ್ತಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತೆ, ಹಾಗಾಗಿ ಒಂದು ಕೇಬಲ್ ಅಡ್ಜಸ್ಟ್ ಮಾಡಿದರೆ ಎರಡೂ ಚಕ್ರ ತಿರುಗಿಸಿ ನೋಡಿ.

ಕೊನೇ ಮಾತು

ನಾನು ಮಾಡಿದ ತಪ್ಪು ಚೈನ್ ಬಿಗಿ ಮಾಡಿದ್ದಲ್ಲ. ಚೈನ್ ಬಿಗಿ ಮಾಡಿದ್ದರಿಂದ ಇನ್ನೇನು ಬದಲಾಯ್ತು ಅಂತ ನೋಡದೇ ಇದ್ದದ್ದು. ಆಮೇಲೆ ಗಾಡಿ ಕೆಟ್ಟಾಗ "ಇತ್ತೀಚೆಗೆ ಇದನ್ನು ಮುಟ್ಟಿದವರು ಯಾರು?" ಅಂತ ಕೇಳಿಕೊಳ್ಳದೇ ಇದ್ದದ್ದು. ಕೇಳಿಕೊಂಡಿದ್ದರೆ ಉತ್ತರ ಐದು ನಿಮಿಷದಲ್ಲಿ ಸಿಗ್ತಿತ್ತು.

ಈಗ ಗಾಡಿಯ ಟೂಲ್ ಬಾಕ್ಸಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇದೆ. ಯಾವ ದಿನ, ಎಷ್ಟು ಕಿಲೋಮೀಟರ್‌ನಲ್ಲಿ, ಯಾವ ನಟ್ ಎಷ್ಟು ಸುತ್ತು ಅಂತ ಬರೀತೀವಿ. ಹೊಸ ಬ್ರೇಕ್ ಶೂ ಹಾಕಿಸಿದ್ದೀವಿ, ಮೈಲೇಜ್ 59ಕ್ಕೆ ಬಂದಿದೆ. ಸ್ಕ್ರೂವನ್ನು ಮೆಕ್ಯಾನಿಕ್ಕೇ ಸರಿ ಮಾಡಿಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಅಪ್ಪನಿಗೆ ಒಂದು ಮಾತು ಹೇಳಿದ್ದೀನಿ: ನಾನು ರಿಪೇರಿ ಮಾಡಿದ ಮೇಲೆ ಚೂರು ಡೌಟ್ ಬಂದರೂ ಅವತ್ತೇ ಫೋನ್ ಮಾಡಬೇಕು. ಹೋದ ವಾರ ಮಾಡಿದ್ದರು. ಹಾರ್ನ್ ಸಣ್ಣಗೆ ಕೇಳಿಸ್ತಿದೆ ಅಂತ.